ಹೊಲ ಮಾಡೋದು ಒಬ್ಬರು, ಸರ್ಕಾರದ ದುಡ್ಡು ಇನ್ನೊಬ್ಬರಿಗೆ

ಪುಣೆ, ಹೈದರಾಬಾದ್, ಚೆನ್ನೈ ಎಲ್ಲೇ ಇರಿ, ಊರಲ್ಲಿ ನಾಲ್ಕೆಕರೆ ಹೊಲ ಇದ್ದವರು ಇವತ್ತಿನ ಮಾತನ್ನ ಪೂರ್ತಿ ಕೇಳಿ. ಇದು ನಮ್ಮದೇ ಕತೆ.

ನಮ್ಮದು ಗದಗ ಜಿಲ್ಲೆ, ರೋಣ ತಾಲ್ಲೂಕು. ಎರೆ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಉತಾರ ಅಪ್ಪನ ಹೆಸರಲ್ಲಿದೆ. ಅಪ್ಪನಿಗೆ ಮೊಣಕಾಲು ನೋವು, ನಾನು ಪುಣೆಯಲ್ಲಿ. ಹೊಲ ಮಾಡೋದು ಪಕ್ಕದ ಮನೆಯ ಕಾಕಾ, ಲಾವಣಿ ಮೇಲೆ. ಯುಗಾದಿಗೆ ವರ್ಷದ ದುಡ್ಡು ಮುಂಗಡ ಕೊಡ್ತಾರೆ. ಎಲ್ಲಾ ಬಾಯಿಮಾತು, ಕಾಗದ ಇಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯ್ತು. ಮರುವರ್ಷ ಬರ ಪರಿಹಾರ ಬಂತು, ಅಪ್ಪನ ಖಾತೆಗೆ. ಬೀಜ, ಗೊಬ್ಬರ, ಲಾವಣಿ ಮೂರೂ ಕಳಕೊಂಡ ಕಾಕಾಗೆ ಒಂದು ರೂಪಾಯಿನೂ ಇಲ್ಲ.

ಇದರಲ್ಲಿ ಯಾರೂ ಮೋಸ ಮಾಡಿಲ್ಲ. ವ್ಯವಸ್ಥೆ ಇರೋದೇ ಹಾಗೆ.

ಸರ್ಕಾರ ನೋಡೋದು ಉತಾರವನ್ನ

ಕರ್ನಾಟಕದಲ್ಲಿ ಫ್ರೂಟ್ಸ್ ಅನ್ನೋ ತಂತ್ರಾಂಶ ಇದೆ. ರೈತನ ಆಧಾರ್, ಬ್ಯಾಂಕ್ ಖಾತೆ, ಸರ್ವೆ ನಂಬರ್ ಮೂರನ್ನೂ ಜೋಡಿಸಿ ಒಂದು ಎಫ್‌ಐಡಿ ಕೊಡ್ತಾರೆ. ಬರ ಪರಿಹಾರ ಇದರ ಮೇಲೇ ಬರುತ್ತೆ: 2023ರ ಬರಕ್ಕೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂ., ನೀರಾವರಿಗೆ 17,000 ರೂ., ಎರಡು ಹೆಕ್ಟೇರ್ ಮಿತಿ ಇತ್ತು. ದುಡ್ಡು ನೇರ ಖಾತೆಗೆ ಬರೋದು ಒಳ್ಳೆಯದೇ. ಆದ್ರೆ ಆ ಖಾತೆ ಒಡೆಯನದು.

ಪಿಎಂ ಕಿಸಾನ್ ಕೂಡ ಹಾಗೇ. ವರ್ಷಕ್ಕೆ 6,000 ರೂ., ಮೂರು ಕಂತು. ಭೂಮಿ ಹೆಸರಲ್ಲಿ ಇರಬೇಕು, ಲಾವಣಿದಾರರಿಗೆ ಇಲ್ಲ.

ಕಾಕಾಗೆ ತಲುಪೋದು ಯೂರಿಯಾ ಸಬ್ಸಿಡಿ. 45 ಕೆಜಿ ಚೀಲ 266.50 ರೂ. ಅಂಗಡಿಯಲ್ಲಿ ಆಧಾರ್ ಕೊಟ್ಟು ಹೆಬ್ಬೆಟ್ಟು ಒತ್ತಿದ್ರೆ ಸಾಕು, ಉತಾರ ಯಾರದು ಅಂತ ಯಾರೂ ಕೇಳಲ್ಲ.

ಹಾಗಾದ್ರೆ ಕಾಕಾನ ಹೆಸರು ಯಾಕೆ ಬರೆಸಲ್ಲ?

ಉತಾರದಲ್ಲಿ ಸಾಗುವಳಿ ಯಾರದು ಅನ್ನೋಕೆ 12ನೇ ಕಾಲಂ ಇದೆ. ಆದ್ರೆ ದೇವರಾಜ ಅರಸು ಕಾಲದ 1974ರ ಭೂಸುಧಾರಣೆ, ಕೆಲವು ವಿನಾಯಿತಿ ಬಿಟ್ಟು, ಗೇಣಿ ಪದ್ಧತಿಯನ್ನೇ ನಿಷೇಧಿಸಿತು. 'ಉಳುವವನೇ ಭೂಮಿಯ ಒಡೆಯ' ಅಂತ ಲಕ್ಷಾಂತರ ಗೇಣಿದಾರರಿಗೆ ಭೂಮಿ ಬಂತು. ಕಾಕಾನ ಅಪ್ಪನ ಕಾಲದಲ್ಲಿ ಗೇಣಿದಾರನ ಕೈಹಿಡಿದ ಅದೇ ಕಾನೂನು ಇವತ್ತು ಕಾಕಾನನ್ನ ಮರೆಮಾಡಿದೆ. ಹೆಸರು ಬರೆಸಿದ್ರೆ ಹೊಲ ಹೋಗುತ್ತೆ ಅಂತ ಒಡೆಯನಿಗೆ ಭಯ. ಬರೆಸು ಅಂದ್ರೆ ಹೊಲ ಬಿಡಿಸ್ತಾರೆ ಅಂತ ಲಾವಣಿದಾರನಿಗೆ ಭಯ.

ಹೈದರಾಬಾದಿನವರು ರೈತು ಬಂಧು ನೋಡಿದ್ದೀರಿ. 2018ರಲ್ಲಿ ಎಕರೆಗೆ ಪ್ರತಿ ಹಂಗಾಮಿಗೆ 4,000 ರೂ. ಅಂತ ಶುರುವಾಯ್ತು, ನೂರು ಎಕರೆ ಇದ್ದವನಿಗೂ ಬಂತು, ಕೌಲು ರೈತನಿಗೆ ಬರಲಿಲ್ಲ. ಆದ್ರೆ ಒಡಿಶಾದ ಕಾಲಿಯಾ ಯೋಜನೆ ಪಾಲಿಗೆ ಮಾಡುವವರನ್ನೂ ಭೂಮಿ ಇಲ್ಲದ ಕೂಲಿಗಳನ್ನೂ ಸೇರಿಸಿಕೊಂಡಿತು. ಅಂದ್ರೆ ಮನಸ್ಸಿದ್ರೆ ಆಗುತ್ತೆ.

ನಾವೇನು ಮಾಡಬಹುದು?

ಒಂದು: ಪಿಎಂ ಕಿಸಾನ್‌ನಲ್ಲಿ ಕುಟುಂಬ ಅಂದ್ರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು. ಹಾಗಾಗಿ ನೀವು ತೆರಿಗೆ ಕಟ್ಟಿದ್ರೂ ಅಪ್ಪನ ಹಣ ನಿಲ್ಲಲ್ಲ. ಆದ್ರೆ ಪೌತಿ ಖಾತೆಯಾಗಿ ಹೊಲ ನಿಮ್ಮ ಹೆಸರಿಗೆ ಬಂದ ಮೇಲೆ, ಆದಾಯ ತೆರಿಗೆ ಕಟ್ಟೋ ನಿಮಗೆ ಅರ್ಹತೆ ಇಲ್ಲ. ತಗೊಂಡಿದ್ರೆ ವಾಪಸ್ ಕಟ್ಟಬೇಕು.

ಎರಡು: ಬೆಳೆ ವಿಮೆಗೆ ಲಾವಣಿದಾರರೂ ಸೇರಬಹುದು ಅಂತ ನಿಯಮ ಇದೆ, ಆದ್ರೆ ಕಾಗದ ಬೇಕು. ಅವರ ಹತ್ತಿರ ಇರಲ್ಲ. ಹಾಗಾಗಿ ಪರಿಹಾರ, ವಿಮೆ ಏನೇ ನಿಮ್ಮ ಖಾತೆಗೆ ಬಂದ್ರೂ ಬೆಳೆ ಕಳಕೊಂಡವರಿಗೆ ದಾಟಿಸಿ.

ನಾನು ಇದನ್ನ ಹೇಳಿದಾಗ ಅಪ್ಪ ಒಪ್ಪಲಿಲ್ಲ. "ಉತಾರ ನಮ್ಮ ಹೆಸರಿಲೆ ಐತಿ, ನಮಗ ಬಂದೈತಿ, ತಪ್ಪೇನ?" ಅಂದ್ರು. ನಾನೂ ಸುಮ್ಮನಾದೆ. ಆದ್ರೆ ಮುಂದಿನ ಯುಗಾದಿಗೆ ಲಾವಣಿ ಲೆಕ್ಕ ಮಾಡುವಾಗ ಪರಿಹಾರದಷ್ಟು ಹಣ ಅವರೇ ಕಳೆದ್ರು. ಕಾಕಾಗೆ ಯಾಕೆ ಅಂತ ಹೇಳಲೂ ಇಲ್ಲ.

ಈ ಸಲ ಊರಿಗೆ ಫೋನ್ ಮಾಡಿದಾಗ ಒಂದು ಮಾತು ಕೇಳಿ: ನಮ್ಮ ಹೊಲ ಈಗ ಯಾರು ಮಾಡ್ತಿದ್ದಾರೆ, ಅವರಿಗೆ ಏನು ಬಂತು?