ಇರುಳಿನಿಂದ ಆಯ್ದ ಪದ್ಯಗಳು

ಕವಿಯ ಕೃತಿಗಳಿಂದ ಆಯ್ದು ಸಂಕಲನ ಮಾಡುವುದು ನಮ್ಮಲ್ಲಿ ಹಳೆಯ ವಾಡಿಕೆ. ಹಾಡುಗಾರನ ಹಾಡುಗಳಿಂದ ಆಯ್ದು ಒಂದೆಡೆ ಕೂಡಿಸುವುದು ಧ್ವನಿಮುದ್ರಣ ಬಂದ ಮೇಲಿನ ಪದ್ಧತಿ. ಮೊದಲನೆಯದರಲ್ಲಿ ವಿದ್ವಾಂಸನ ವಿವೇಚನೆ ಕೆಲಸ ಮಾಡಿದರೆ, ಎರಡನೆಯದರಲ್ಲಿ ಬಹುಮಟ್ಟಿಗೆ ಅಂಗಡಿಯವನ ಲೆಕ್ಕಾಚಾರವೇ ಕೆಲಸ ಮಾಡುತ್ತದೆ. ಆದರೂ ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. 1967ರಲ್ಲಿ ಅಮೆರಿಕದ ಕೊಲಂಬಿಯ ಸಂಸ್ಥೆ ಬಾಬ್ ಡಿಲನ್ನನ ಜನಪ್ರಿಯ ಹಾಡುಗಳಲ್ಲಿ ಹತ್ತನ್ನು ಆಯ್ದು ಒಂದು ತಟ್ಟೆಯಲ್ಲಿ ಹೊರತಂದಿತು. ಆತ ತನ್ನ ಹಾಡನ್ನು ತಾನೇ ಕಟ್ಟಿ ಹಾಡುವವನು; ಜಾನಪದ ಧಾಟಿಗೆ ವಿದ್ಯುತ್ ಗಿಟಾರನ್ನು ಜೊತೆಗೂಡಿಸಿದಾಗ, 1965ರ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಶ್ರೋತೃಗಳ ಕೂಗಾಟವನ್ನು ಎದುರಿಸಿದವನು. ಅದೇ ಮನುಷ್ಯನಿಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕ ಬಂದಿತು. ಹೊಸಬನೊಬ್ಬ ಅವನನ್ನು ಒಂದೇ ಕೂರಿಕೆಯಲ್ಲಿ ಪರಿಚಯಿಸಿಕೊಳ್ಳಲು ಆ ತಟ್ಟೆ ಸಾಕಾಗಿತ್ತು.

ಈ ಮಾತು ನನಗೆ ನೆನಪಾದದ್ದು ಗುಂಡ್ಮಿ ಕಾಳಿಂಗ ನಾವಡರ ಆಯ್ದ ಪದ್ಯಗಳ ಸಂಕಲನವೊಂದನ್ನು ಕೇಳುತ್ತಿದ್ದಾಗ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಈ ಹೆಸರಿಗೆ ಪೀಠಿಕೆ ಬೇಕಿಲ್ಲ. ದೂರದ ವಾಚಕರಿಗಾಗಿ ಎರಡು ಮಾತು. ಸಾಲಿಗ್ರಾಮಕ್ಕೆ ಹತ್ತಿರದ ಗುಂಡ್ಮಿಯಲ್ಲಿ 1958ರಲ್ಲಿ ಹುಟ್ಟಿದ ಇವರ ತಂದೆ ರಾಮಚಂದ್ರ ನಾವಡರೂ ಭಾಗವತರೇ. ನಾರಣಪ್ಪ ಉಪ್ಪೂರರಂಥ ಗುರುವಿನ ಬಳಿ ಪಾಠವಾಯಿತು. ಸಾಲಿಗ್ರಾಮ ಮೇಳದ ಭಾಗವತರಾಗಿ ಬಡಗುತಿಟ್ಟಿನಲ್ಲಿ ಅವರು ಪಡೆದ ಜನಪ್ರೀತಿ ಅಸಾಧಾರಣವಾದದ್ದು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರದು ಮೂವತ್ತೆರಡರ ಆಸುಪಾಸಿನ ವಯಸ್ಸು. ಆ ಬಳಿಕ ಹುಟ್ಟಿದವರಿಗೆ ನಾವಡರೆಂದರೆ ಕ್ಯಾಸೆಟ್ಟಿನ ಕಂಠವೇ ಹೊರತು ರಂಗಸ್ಥಳದ ಮನುಷ್ಯನಲ್ಲ. ಸಂಕಲನದ ಪ್ರಶ್ನೆ ಗಂಭೀರವಾಗುವುದು ಇಲ್ಲಿಯೇ.

ಭಾಗವತನೆಂದರೆ ಬರಿಯ ಹಾಡುಗಾರನಲ್ಲ. ಕೈಯಲ್ಲಿ ತಾಳ ಹಿಡಿದು ನಿಂತವನೇ ಇಡೀ ಆಟದ ಸೂತ್ರಧಾರ. ಯಾವ ಪದ್ಯವನ್ನು ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು, ವೇಷಧಾರಿಯ ಹೆಜ್ಜೆಗೆ ಎಷ್ಟು ಅವಕಾಶ ಕೊಡಬೇಕು, ಅರ್ಥಗಾರಿಕೆ ಬೆಳೆದಾಗ ಎಲ್ಲಿ ಮುಂದಿನ ಪದ್ಯವನ್ನು ತೊಡಗಬೇಕು — ಇವೆಲ್ಲ ಅವನ ನಿರ್ಣಯ. ಮದ್ದಳೆ ಚೆಂಡೆಗಳು ಅವನ ಮನಸ್ಸನ್ನು ಅರಿತು ನುಡಿಯಬೇಕು. ಒಂದೇ ಪದ್ಯ ಒಂದು ರಾತ್ರಿ ಮೂರು ನಿಮಿಷಕ್ಕೆ ಮುಗಿದರೆ, ಇನ್ನೊಂದು ರಾತ್ರಿ ಹತ್ತು ನಿಮಿಷ ನಿಂತೀತು. ನಾವಡರಾದರೋ ಇದಕ್ಕೂ ಒಂದು ಹೆಜ್ಜೆ ಮುಂದೆ ಹೋದವರು. ‘ನಾಗಶ್ರೀ’, ‘ಚೆಲುವೆ ಚಿತ್ರಾವತಿ’ ಮೊದಲಾದ ಪ್ರಸಂಗಗಳನ್ನು ತಾವೇ ರಚಿಸಿದರು. ಪದ್ಯ ಕಟ್ಟಿದವನೇ ಅದನ್ನು ರಂಗದಲ್ಲಿ ನಿಂತು ಹಾಡುವ ಯೋಗ ಎಲ್ಲ ಭಾಗವತರಿಗೂ ಒದಗುವಂಥದಲ್ಲ.

ಅವರ ಈ ಕಲ್ಪಿತ ಕಥೆಗಳು ಪುರಾಣದ ಪ್ರಸಂಗಗಳನ್ನೇ ನಂಬಿದ ಹಿರಿಯರಿಗೆ ಪಥ್ಯವಾಗಲಿಲ್ಲ. ಹಿಂದೂಸ್ಥಾನಿ ರಾಗಗಳನ್ನು ಯಕ್ಷಗಾನದ ಮಟ್ಟಿಗೆ ಒಗ್ಗಿಸಿಕೊಂಡದ್ದಕ್ಕೂ ಆಕ್ಷೇಪವಿತ್ತು. ಇಂಥ ತಕರಾರು ಈ ಕಡಲ ತಡಿಗೆ ಹೊಸದೇನೂ ಅಲ್ಲ. ಕೋಟದ ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದವರು. ಅವರೇ ತಮ್ಮ ಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೋಫೋನುಗಳನ್ನು ಬಳಸಿ ಮಾತಿಗೆ ಗುರಿಯಾದರು. ಸಂಪ್ರದಾಯವನ್ನು ಬಲ್ಲವನು ಅದನ್ನು ಬದಲಿಸಹೊರಟಾಗ ಹುಟ್ಟುವ ಜಗಳಕ್ಕೂ, ಬಲ್ಲದವನು ಕೆಡಿಸಿದಾಗ ಹುಟ್ಟುವ ಜಗಳಕ್ಕೂ ಅಂತರವಿದೆ. ನಾವಡರದು ಮೊದಲನೆಯ ಬಗೆಯದೆಂದೇ ನನ್ನ ಅಭಿಪ್ರಾಯ. ರಾಗ ಎಲ್ಲಿಂದಲೇ ಬಂದಿರಲಿ, ತಾಳದ ಬಿಗಿಯನ್ನೂ ಸಾಹಿತ್ಯದ ಸ್ಪಷ್ಟತೆಯನ್ನೂ ಅವರು ಬಿಟ್ಟುಕೊಡಲಿಲ್ಲ.

ಈಗ ಸಂಕಲನಕ್ಕೆ ಬರೋಣ. ರಂಗಸ್ಥಳದ ಬಳಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಅಭಿಮಾನಿಗಳು ಆಟಗಳನ್ನು ಹಿಡಿದಿಟ್ಟ ಕಾಲವದು. ಆ ಮುದ್ರಣಗಳಲ್ಲಿ ಪದ್ಯದೊಡನೆ ಸಭೆಯ ಚಪ್ಪಾಳೆಯೂ, ಮಕ್ಕಳ ಅಳುವೂ, ಗೆಜ್ಜೆಯ ಸದ್ದೂ ಸೇರಿಕೊಂಡಿರುತ್ತವೆ. ಸಂಕಲನಕಾರನು ಇವುಗಳ ನಡುವಿನಿಂದ ಪದ್ಯವನ್ನಷ್ಟೇ ಕತ್ತರಿಸಿ ತೆಗೆಯುತ್ತಾನೆ. ಹೀಗಾಗಿ ಶೃಂಗಾರದ ಪದ್ಯವೊಂದು ಮುಗಿದ ಮರುಕ್ಷಣವೇ ಯುದ್ಧದ ಏರುಪದ್ಯ ಕೇಳಿಬರುತ್ತದೆ. ಆಟದಲ್ಲಿ ಇವೆರಡರ ನಡುವೆ ಮೂರು ತಾಸು ಕಳೆದಿರಬಹುದು. ಅಭಿಮನ್ಯುವನ್ನು ಕಳೆದುಕೊಂಡ ಅರ್ಜುನನ ಶೋಕವೂ ಕಾಡಿನಲ್ಲಿ ನಳನನ್ನು ಹುಡುಕುವ ದಮಯಂತಿಯ ಶೋಕವೂ ಒಂದೇ ಅಲ್ಲ. ಭಾಗವತನು ಆ ಭೇದವನ್ನು ಗತಿಯಲ್ಲಿ, ಒಂದು ಶಬ್ದದ ಮೇಲೆ ನಿಲ್ಲುವ ನಿಲುಗಡೆಯಲ್ಲಿ ತೋರಿಸುತ್ತಾನೆ. ಪ್ರಸಂಗದ ಹೆಸರೇ ಗೊತ್ತಿಲ್ಲದ ಶ್ರೋತೃವಿಗೆ ಎರಡೂ ಕೇವಲ ‘ಇಂಪಾದ ಪದ್ಯ’ಗಳಾಗಿ ಉಳಿಯುತ್ತವೆ.

ಇದರಿಂದಾಗುವ ಹಾನಿ ಕೇಳುವವರಿಗಿಂತ ಕಲಿಯುವವರಿಗೆ ಹೆಚ್ಚು. ಎಳೆಯ ಭಾಗವತರು ಈ ಸಂಕಲನಗಳನ್ನೇ ಪಾಠವೆಂದು ತಿಳಿದಾಗ, ನಾವಡರ ಏರುಶ್ರುತಿಯನ್ನೂ ದೀರ್ಘಾಲಾಪವನ್ನೂ ಅನುಕರಿಸುತ್ತಾರೆ. ಅವರಿಗಿದ್ದ ಪ್ರಸಂಗಜ್ಞಾನವನ್ನು ಕ್ಯಾಸೆಟ್ಟು ಕಲಿಸಲಾರದು. ಹಾಡು ಬೆಳೆಯುತ್ತದೆ, ವೇಷಧಾರಿ ಕಾಯುತ್ತ ನಿಲ್ಲುತ್ತಾನೆ, ಕಥೆ ನಿಂತಲ್ಲೇ ನಿಲ್ಲುತ್ತದೆ. ಚಪ್ಪಾಳೆ ಬೀಳುವುದೇನೋ ನಿಜ.

ಹಾಗೆಂದು ಸಂಕಲನವೇ ಬೇಡವೆನ್ನುವುದು ಅವಿವೇಕ. ಧ್ವನಿಮುದ್ರಣಕ್ಕೆ ಮುಂಚಿನ ಎಷ್ಟೋ ಭಾಗವತರು ಇಂದು ನಮಗೆ ಹೆಸರು ಮಾತ್ರ. ಇವರ ಕಂಠವಾದರೂ ಉಳಿಯಿತು. ಇನ್ನು ಬೇಕಾಗಿರುವುದು ವಿವೇಕದ ಆಯ್ಕೆ. ಪ್ರತಿ ಪದ್ಯದೊಡನೆ ಪ್ರಸಂಗ, ಕವಿ, ರಾಗ, ತಾಳಗಳ ಉಲ್ಲೇಖವಿರಲಿ; ತಿಳಿದುಬಂದಲ್ಲಿ ಆಟದ ಊರು, ವರ್ಷ, ಮದ್ದಳೆ ಚೆಂಡೆಯವರ ಹೆಸರು, ವೇಷಧಾರಿಯ ಹೆಸರು ಸೇರಲಿ. ಪುರಾಣದ ಪದ್ಯಗಳೊಡನೆ ಅವರ ಸ್ವಂತ ರಚನೆಗಳೂ ಇರಲಿ. ಒಂದೆರಡು ಸನ್ನಿವೇಶಗಳನ್ನಾದರೂ ಪದ್ಯ, ಕುಣಿತ, ಅರ್ಥಗಳೊಡನೆ ಇಡಿಯಾಗಿ ಕೊಡಲಿ.

ಇದು ವ್ಯಾಪಾರದ ಕೆಲಸವಲ್ಲ, ವಿದ್ಯೆಯ ಕೆಲಸ. ಈ ಮೂರು ತಾಲೂಕುಗಳ ಕಾಲೇಜುಗಳ ಕನ್ನಡ ವಿಭಾಗಗಳೂ ಯಕ್ಷಗಾನ ಕೇಂದ್ರಗಳೂ ಕೈಹಾಕಿದರೆ ಆಗದ್ದೇನಲ್ಲ. ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಅಟ್ಟದ ಮೇಲಿನ ಕ್ಯಾಸೆಟ್ಟುಗಳನ್ನು ಇಳಿಸಿ, ಮುದ್ರಿಸಿಕೊಂಡವರನ್ನೇ ಕೇಳಿ ಬರೆದುಕೊಳ್ಳಬಹುದು. ಕರಾವಳಿಯ ತೇವಕ್ಕೆ ಟೇಪಿನ ಸುರುಳಿ ಬೂಸಲು ಹಿಡಿಯುತ್ತಿದೆ. ಆ ರಾತ್ರಿಗಳಲ್ಲಿ ಎದುರು ಕುಳಿತವರಿಗೂ ವಯಸ್ಸಾಗುತ್ತಿದೆ. ಯಾವ ಪದ್ಯ ಯಾವ ಊರಿನಲ್ಲಿ, ಯಾರ ಕುಣಿತಕ್ಕೆ ಹಾಡಿದ್ದೆಂದು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಕೇಳಿ ಬರೆದಿಡಲು ಇದೇ ಸಮಯ.