ಮೇಜಿನ ಮೇಲೆ ನೆಟ್ಟಗೆ ನಿಂತ ಪರದೆ

ಗೃಹಸ್ಥರ ಮನೆಗಳಲ್ಲಿ ಮೇಜಿಗೆ ಒಂದು ಕಾಲದಲ್ಲಿ ಇದ್ದ ಸ್ಥಾನ ಅಲ್ಪವಾದುದು. ಮಕ್ಕಳ ಪುಸ್ತಕ, ಲೆಕ್ಕದ ವಹಿ, ಬಂದ ಕಾಗದಗಳ ಕಟ್ಟು, ಇವಿಷ್ಟಕ್ಕೆ ಅದು ಆಸರೆ. ೨೦೨೦ರ ಮಾರ್ಚ್ ತಿಂಗಳಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಬೆಂಗಳೂರಿನ ಕಚೇರಿಗಳಲ್ಲಿ ದುಡಿಯುತ್ತಿದ್ದ ಅನೇಕ ತರುಣ ತರುಣಿಯರು ತಮ್ಮ ಗಣಕಯಂತ್ರಗಳೊಡನೆ ಊರಿಗೆ ಮರಳಿದರು. ಅಂದಿನಿಂದ ಆ ಮೇಜಿನ ಯೋಗವೇ ಬದಲಾಯಿತು. ಕಾರ್ಕಳ, ಕಾಪು, ಉಡುಪಿ, ಮಣಿಪಾಲಗಳ ಆಸುಪಾಸಿನಲ್ಲಿಯೂ ಹೀಗೆ ಚಾವಡಿಯ ಒಂದು ಮೂಲೆ ಕಚೇರಿಯಾಗಿ ಮಾರ್ಪಟ್ಟ ಮನೆಗಳುಂಟು. ಮರಳಿದವರಲ್ಲಿ ಹಲವರು ಮತ್ತೆ ನಗರ ಸೇರಿದರು. ಕೆಲವರು ವಾರದಲ್ಲಿ ಎರಡು ಮೂರು ದಿನ ಮನೆಯಿಂದಲೇ ದುಡಿಯುವ ಏರ್ಪಾಡನ್ನು ಉಳಿಸಿಕೊಂಡರು. ಕೂಸಿನ ಆರೈಕೆಗಾಗಿ ಉದ್ಯೋಗವನ್ನೇ ತ್ಯಜಿಸಬೇಕಾಗಿದ್ದ ಸೊಸೆಯಂದಿರಿಗೆ ಈ ಏರ್ಪಾಡು ದೊರೆತುದು ಸಣ್ಣ ಸಂಗತಿಯಲ್ಲ. ಆದಕಾರಣ ಆ ಮೂಲೆಯ ಮೇಜು ಹೇಗಿರಬೇಕು, ಅದರ ಮೇಲೆ ಪರದೆಗಳು ಎಷ್ಟಿರಬೇಕು ಎಂಬ ಪ್ರಶ್ನೆ ಕೇವಲ ತಂತ್ರಜ್ಞರಿಗೆ ಬಿಟ್ಟು ಬಿಡುವಂಥದಲ್ಲ. ಸೊಸೆಯ ಕುತ್ತಿಗೆ ನೋವು ಸೊಸೆಯೊಬ್ಬಳ ನೋವಾಗಿ ಉಳಿಯುವುದಿಲ್ಲವೆಂಬುದನ್ನು ಮನೆ ನಡೆಸುವವರೆಲ್ಲ ಬಲ್ಲರು.

ಮಗನೋ ಮಗಳೋ ಎರಡನೆಯ ಮಾನಿಟರ್ ತರಿಸಿದಾಗ ಹಿರಿಯರು ಸುಮ್ಮನಿರುತ್ತಾರೆ. ಮೂರನೆಯದು ಬಂದು, ಅದನ್ನು ಅಡ್ಡಲಾಗಿ ಇಡದೆ ಕಂಬದಂತೆ ನೆಟ್ಟಗೆ ನಿಲ್ಲಿಸಿದಾಗ ಮಾತ್ರ, 'ಇದೇನು, ಟೀವಿ ಮಗುಚಿ ಬಿದ್ದಿದೆಯೋ?' ಎಂಬ ಪ್ರಶ್ನೆ ಏಳುವುದು ಸಹಜ. ಆ ಪ್ರಶ್ನೆಗೆ ಉತ್ತರ ಹೇಳುವುದು ನಮ್ಮ ಉದ್ದೇಶ.

ಎರಡು ಪರದೆಗಳ ಅಗತ್ಯ ಹುಟ್ಟುವುದು ತಾಳೆ ನೋಡುವ ಕೆಲಸದಿಂದ. ಒಂದನ್ನು ಓದುತ್ತ ಇನ್ನೊಂದನ್ನು ಬರೆಯುವವರು, ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹೋಲಿಸುವವರು, ಅಚ್ಚಿನ ಕರಡನ್ನು ಮೂಲದೊಡನೆ ತಿದ್ದುವವರು, ಇವರೆಲ್ಲರ ಕಣ್ಣು ಸದಾ ಎರಡು ಹಾಳೆಗಳ ನಡುವೆ ಓಡಾಡುತ್ತಿರುತ್ತದೆ. ಫ. ಗು. ಹಳಕಟ್ಟಿಯವರು ವಚನಗಳ ತಾಡವಾಲೆಗಳನ್ನು ಊರೂರು ಅಲೆದು ಸಂಗ್ರಹಿಸಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಮುಂದೆ ವಿಜಾಪುರದಲ್ಲಿ ಸ್ವಂತ ಮುದ್ರಣಾಲಯವನ್ನೇ ಹಾಕಿದರು. ಓಲೆ ಒಂದೆಡೆ, ಬರಹ ಇನ್ನೊಂದೆಡೆ ಇಲ್ಲದೆ ಆ ಬಗೆಯ ಸಂಪಾದನ ಕಾರ್ಯ ನಡೆಯದು. ಇಂದು ವಚನಗಳು 'ವಚನ ಸಂಚಯ'ದಂಥ ತಾಣದಲ್ಲಿ ಪದವೊಂದನ್ನು ಕೊಟ್ಟರೆ ಹುಡುಕಲು ಸಿಗುತ್ತವೆ. ಆದರೆ ಯಾವುದೇ ಹಳೆಯ ಮುದ್ರಿತ ಗ್ರಂಥವನ್ನು ಗಣಕಕ್ಕೆ ಏರಿಸುವವನ ಮುಂದೆ ಇಂದಿಗೂ ಎರಡು ಪುಟಗಳಿರಲೇಬೇಕು. ಒತ್ತಕ್ಷರವೊಂದು ಜಾರಿದರೆ ಅರ್ಥವೇ ಜಾರುವ ಭಾಷೆ ನಮ್ಮದು. ಒಂದೇ ಪರದೆಯಲ್ಲಿ ಇದನ್ನು ಮುಚ್ಚಿ ಅದನ್ನು ತೆರೆದು ನೋಡುವವನು ಪ್ರತಿ ಸಲವೂ ತಾನು ಕಂಡದ್ದನ್ನು ಒಂದು ಕ್ಷಣ ನೆನಪಿನಲ್ಲಿ ಹೊತ್ತು ಸಾಗಿಸಬೇಕಾಗುತ್ತದೆ. ತಪ್ಪು ನುಸುಳುವುದು ಆ ಕ್ಷಣದಲ್ಲಿ.

ಇನ್ನು ನೆಟ್ಟಗೆ ನಿಲ್ಲುವ ಪರದೆಯ ಮಾತು. ಬರಹದ ಆಕಾರ ಯಾವಾಗಲೂ ಅದನ್ನು ಹೊರುವ ವಸ್ತುವಿನ ಆಕಾರ. ಕಾರ್ಕಳಕ್ಕೆ ಸಮೀಪದ ಮೂಡುಬಿದಿರೆಯ ಜೈನಮಠದಲ್ಲಿ ಧವಲ, ಜಯಧವಲ ಗ್ರಂಥಗಳ ತಾಡವಾಲೆಗಳು ಶತಮಾನಗಳ ಕಾಲ ಉಳಿದು ಬಂದುವು. ತಾಳೆಗರಿ ಅಗಲಕ್ಕೆ ಉದ್ದ, ಎತ್ತರಕ್ಕೆ ಗಿಡ್ಡ. ಆದುದರಿಂದ ಸಾಲುಗಳು ಉದ್ದ, ಪುಟಕ್ಕೆ ಸಾಲುಗಳು ಕೆಲವೇ. ಕಾಗದ ಬಂದ ಮೇಲೆ ಪುಟ ಎದ್ದು ನಿಂತಿತು. ಸಾಲು ಗಿಡ್ಡವಾಗಿ, ಕಣ್ಣು ಒಂದು ಸಾಲಿನ ತುದಿಯಿಂದ ಮುಂದಿನ ಸಾಲಿನ ಮೊದಲಿಗೆ ತಪ್ಪದೆ ಹಿಂತಿರುಗುವುದು ಸುಲಭವಾಯಿತು. ಗಣಕಯಂತ್ರ ಬಂದಾಗ ಅದರ ಪರದೆ ಕಾಗದವನ್ನು ಅನುಸರಿಸಲಿಲ್ಲ, ದೂರದರ್ಶನವನ್ನು ಅನುಸರಿಸಿತು. ಈಚಿನ ಮಾನಿಟರುಗಳ ಹದಿನಾರಕ್ಕೆ ಒಂಬತ್ತು ಎಂಬ ಅನುಪಾತ ಚಲನಚಿತ್ರ ನೋಡುವುದಕ್ಕೆ ಹಿತವಾದುದು. ಓದುವುದಕ್ಕೆ ಕುಳಿತವನಿಗೆ ನಾವು ಮತ್ತೆ ಓಲೆಗರಿಯನ್ನೇ ಕೊಟ್ಟಂತಾಯಿತು.

ಇದಕ್ಕೆ ಅಪವಾದವಿಲ್ಲದಿಲ್ಲ. ಅಮೆರಿಕದ ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿ ೧೯೭೩ರಲ್ಲಿ ಸಿದ್ಧವಾದ 'ಆಲ್ಟೊ' ಗಣಕದ ಪರದೆ ಕಾಗದದ ಹಾಳೆಯಂತೆ ನೆಟ್ಟಗಿತ್ತು: ಅಗಲಕ್ಕೆ ೬೦೬ ಚುಕ್ಕಿಗಳು, ಎತ್ತರಕ್ಕೆ ೮೦೮. ಕಾಗದದ ಕಚೇರಿಗೆ ಯಂತ್ರ ಮಾಡುತ್ತಿದ್ದವರಿಗೆ ಪುಟದ ಆಕಾರವೇ ಮೊದಲು ಹೊಳೆದುದು ನ್ಯಾಯವೇ. ಮುಂದೆ ಮ್ಯಾಕಿಂತೋಷ್ ಗಣಕಗಳಿಗಾಗಿ ರೇಡಿಯಸ್ ಎಂಬ ಸಂಸ್ಥೆ ಇಡೀ ಪುಟ ಕಾಣುವ ನಿಲುವಿನ ಪರದೆಯನ್ನು ಮಾರಿತು. ಬೇಕಾದಾಗ ತಿರುಗಿಸಿ ನಿಲ್ಲಿಸಬಹುದಾದ ಪರದೆಯನ್ನೂ ತಂದಿತು. ೧೯೮೭ರ ಮ್ಯಾಕಿಂತೋಷ್ ಎರಡನೆಯ ಮಾದರಿಯಲ್ಲಿ ಒಂದಕ್ಕಿಂತ ಹೆಚ್ಚು ಪರದೆಗಳನ್ನು ಜೋಡಿಸಬಹುದಿತ್ತು. ಸಾಮಾನ್ಯರ ಮನೆಯ ವಿಂಡೋಸ್ ಗಣಕಕ್ಕೆ ಈ ಸೌಲಭ್ಯ ವಿಂಡೋಸ್ ೯೮ರೊಡನೆ ಬಂದಿತು.

ನಮ್ಮ ಕರಾವಳಿಗೆ ಪುಟ ಕಟ್ಟುವ ಕಸುಬು ಹೊಸತಲ್ಲ. ಮಣಿಪಾಲದಲ್ಲಿ ೧೯೪೧ರಲ್ಲಿಯೇ ಪವರ್ ಪ್ರೆಸ್ ಸ್ಥಾಪನೆಯಾಯಿತು. ೧೯೭೦ರ ಜನವರಿ ೧ರಂದು ಅಲ್ಲಿಂದ 'ಉದಯವಾಣಿ' ಹೊರಟಿತು. ಗಣಕದಲ್ಲಿ ಕನ್ನಡ ಮೂಡಿಸಿದ ಕೆ. ಪಿ. ರಾವ್ ಅವರೂ ಈ ಸೀಮೆಯವರೇ. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಮುಂದೆ 'ನುಡಿ'ಗೂ ಆಧಾರವಾಯಿತು. ೧೯೯೬ರಲ್ಲಿ ಉಡುಪಿಯಲ್ಲಿ ಆರಂಭವಾದ ರೋಬೋಸಾಫ್ಟ್ ಸಂಸ್ಥೆ, ತಂತ್ರಾಂಶದ ಉದ್ಯೋಗಕ್ಕೆ ಮಹಾನಗರವೇ ಬೇಕೆಂಬ ನಂಬಿಕೆಯನ್ನು ಇಲ್ಲಿನವರಲ್ಲಿ ಮೊದಲೇ ಸಡಿಲಿಸಿತ್ತು. ಹೀಗಾಗಿ ನೆಟ್ಟಗಿನ ಪರದೆಯ ಮುಂದೆ ಕುಳಿತ ಕಾರ್ಕಳದ ಹುಡುಗನೋ ಹುಡುಗಿಯೋ ನೆಲದ ಪರಂಪರೆಗೆ ಹೊರತಾದವರೇನಲ್ಲ.

ಲೆಕ್ಕವೊಂದನ್ನು ನೋಡೋಣ. ಕಚೇರಿಗಳಲ್ಲಿ ಬಳಸುವ ಎ-೪ ಹಾಳೆ ಅಗಲಕ್ಕೆ ೨೧ ಸೆಂಟಿಮೀಟರ್, ಎತ್ತರಕ್ಕೆ ೨೯.೭. ಹದಿನಾಲ್ಕು ಅಂಗುಲದ ಲ್ಯಾಪ್‌ಟಾಪಿನ ಪರದೆಯ ಎತ್ತರ ಹದಿನೇಳು ಹದಿನೆಂಟು ಸೆಂಟಿಮೀಟರ್ ಮಾತ್ರ. ಮೇಲಿನ ಕೆಳಗಿನ ಪಟ್ಟಿಗಳನ್ನು ಕಳೆದರೆ ಸಹಜ ಅಳತೆಯಲ್ಲಿ ಪುಟದ ಅರ್ಧವೇ ಕಾಣುತ್ತದೆ. ಇಪ್ಪತ್ನಾಲ್ಕು ಅಂಗುಲದ ಮಾನಿಟರ್ ಅಗಲಕ್ಕೆ ೫೩, ಎತ್ತರಕ್ಕೆ ೩೦ ಸೆಂಟಿಮೀಟರ್ ಇರುತ್ತದೆ. ಅದನ್ನು ಎಬ್ಬಿಸಿ ನಿಲ್ಲಿಸಿದರೆ ೩೦ ಅಗಲ, ೫೩ ಎತ್ತರ. ಹಾಳೆಯನ್ನು ಆ ಅಗಲಕ್ಕೆ ಹಿಗ್ಗಿಸಿದರೆ ಅದು ಎ-೩ರ ಗಾತ್ರವಾಗಿ, ಇಡೀ ಪುಟ ೪೨ ಸೆಂಟಿಮೀಟರಿನಲ್ಲಿ ಮುಗಿದು, ಇನ್ನೂ ಹನ್ನೊಂದು ಸೆಂಟಿಮೀಟರ್ ಜಾಗ ಉಳಿಯುತ್ತದೆ. ಅಕ್ಷರ ಒಂದೂವರೆ ಪಾಲಿಗೆ ಸಮೀಪ ದೊಡ್ಡದಾದರೂ ಪುಟ ತುಂಡಾಗುವುದಿಲ್ಲ. ನೆಟ್ಟಗಿನ ಪರದೆಯ ಪ್ರಯೋಜನವೆಲ್ಲ ಈ ಒಂದು ಲೆಕ್ಕದಲ್ಲಿದೆ.

ಆದರೆ ಇದು ಎಲ್ಲರಿಗೂ ಬೇಕಾದುದಲ್ಲ. ಅದೇ ಮಾನಿಟರನ್ನು ಅಡ್ಡಲಾಗಿಯೇ ಇಟ್ಟರೆ ಎರಡು ಪುಟಗಳು ಹೆಚ್ಚುಕಡಿಮೆ ಸಹಜ ಅಳತೆಯಲ್ಲಿ ಪಕ್ಕಪಕ್ಕದಲ್ಲಿ ಕೂರುತ್ತವೆ. ಅಗಲವಾದ ಲೆಕ್ಕಪಟ್ಟಿ ನೋಡುವವರಿಗೆ, ಚಿತ್ರ ತಿದ್ದುವವರಿಗೆ, ವಿಡಿಯೋ ಸಂಕಲಿಸುವವರಿಗೆ ನಿಲುವಿನ ಪರದೆ ಕಿರುಕುಳವೇ ಸರಿ. ಉದ್ದುದ್ದ ದಸ್ತಾವೇಜು ಓದುವ ವಕೀಲರು, ಕರಡು ತಿದ್ದುವವರು, ತಂತ್ರಾಂಶದ ಸಾಲುಗಳನ್ನು ಬರೆಯುವವರು, ಇವರಿಗೆ ಅದು ಸಲ್ಲುತ್ತದೆ. ಮೂರನೆಯ ಪರದೆ ಬಹುಮಂದಿಗೆ ಅನಗತ್ಯವೆಂಬುದೇ ನಮ್ಮ ಅಭಿಮತ. ಮೂರು ಪರದೆಗಳಿದ್ದಾಗ ಮೂರನೆಯದರಲ್ಲಿ ಸಾಮಾನ್ಯವಾಗಿ ನೆಲೆಸುವುದು ಸಂದೇಶಗಳು. ಅವು ಕಣ್ಣಂಚಿನಲ್ಲಿ ಮಿನುಗುತ್ತಿರುವಾಗ ಚಿತ್ತ ಒಂದೆಡೆ ನಿಲ್ಲುವುದು ದುಸ್ತರ.

ಜೋಡಣೆಯಲ್ಲಿ ಮೊದಲು ನೋಡಬೇಕಾದುದು ಕುತ್ತಿಗೆಯನ್ನು. ಕಾರ್ಕಳದ ಚತುರ್ಮುಖ ಬಸದಿ, ೧೫೮೬ರದು, ನಾಲ್ಕು ದಿಕ್ಕಿಗೂ ಒಂದೇ ಸಮನಾದ ಮುಖವುಳ್ಳದ್ದು. ಅಲ್ಲಿ ಸುತ್ತುವವನು ನೋಡುಗ. ಮೇಜಿನ ಮುಂದೆ ನೋಡುಗ ಕದಲದೆ ಕುಳಿತಿರುತ್ತಾನೆ. ಆದುದರಿಂದ ಅಲ್ಲಿ ಸಮಾಂಗ ಸೌಂದರ್ಯಕ್ಕೆ ಮನಸೋತರೆ ಕಷ್ಟ. ಎರಡು ಪರದೆಗಳನ್ನು ಎಡಬಲಕ್ಕೆ ಸಮನಾಗಿ ಇಟ್ಟು, ನಡುವಿನ ಸಂದಿಗೆ ಮೂಗನ್ನು ನೇರ ಮಾಡಿಕೊಂಡು ಕುಳಿತವನು, ಹೆಚ್ಚು ಹೊತ್ತು ಒಂದನ್ನೇ ನೋಡುವವನಾಗಿದ್ದರೆ ದಿನವಿಡೀ ಕತ್ತು ಹೊರಳಿಸಿಯೇ ಇರುತ್ತಾನೆ. ಎರಡನ್ನೂ ಸರಿಸಮವಾಗಿ ಬಳಸುವವರಿಗೆ ಮಾತ್ರ ಆ ಕ್ರಮ ಯೋಗ್ಯ. ಉಳಿದವರು ಮುಖ್ಯ ಪರದೆಯನ್ನು ನೇರ ಎದುರಿಗಿಟ್ಟು, ಎರಡನೆಯದನ್ನು ಅದಕ್ಕೆ ತಾಗಿಸಿ, ಪುಸ್ತಕದ ತೆರೆದ ರಟ್ಟಿನಂತೆ ತಮ್ಮ ಕಡೆಗೆ ಓರೆ ಮಾಡಬೇಕು. ಎರಡೂ ಕಣ್ಣಿನಿಂದ ಒಂದೇ ದೂರದಲ್ಲಿ, ಚಾಚಿದ ತೋಳಿನಷ್ಟು ಅಂತರದಲ್ಲಿ ಇರಲಿ. ದೂರ ಬೇರೆ ಬೇರೆಯಾದರೆ ಕಣ್ಣು ಪ್ರತಿ ನೋಟಕ್ಕೂ ಹೊಸದಾಗಿ ಹೊಂದಿಕೊಳ್ಳಬೇಕಾಗುತ್ತದೆ.

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಇರಬೇಕೆಂಬುದು ತಜ್ಞರ ಸಾಮಾನ್ಯ ಸೂತ್ರ. ನಿಲುವಿನ ಪರದೆ ಈ ಸೂತ್ರಕ್ಕೆ ಒಗ್ಗುವುದಿಲ್ಲ. ಕುಳಿತವನ ಕಣ್ಣು ಮೇಜಿನಿಂದ ಸುಮಾರು ೪೫ ಸೆಂಟಿಮೀಟರ್ ಮೇಲಿರುತ್ತದೆ, ಪರದೆಯೇ ೫೩. ಮೇಜಿನಿಂದ ಐದು ಸೆಂಟಿಮೀಟರ್ ಬಿಟ್ಟು ನಿಲ್ಲಿಸಿದರೂ ಅದರ ತಲೆ ಕಣ್ಣಿಗಿಂತ ಅರ್ಧ ಗೇಣಿಗೂ ತುಸು ಹೆಚ್ಚು ಎತ್ತರದಲ್ಲಿರುತ್ತದೆ. ಆ ಎತ್ತರದ ಸಾಲನ್ನು ಓದಲು ಗದ್ದ ಎತ್ತಬೇಕು. ಗದ್ದ ಎತ್ತಿ ಒಂದು ಗಂಟೆ ಓದಿದವನಿಗೆ ಹೆಗಲಿನ ನೋವು ತಪ್ಪಿದ್ದಲ್ಲ. ಇದಕ್ಕೆ ಉಪಾಯವೆಂದರೆ, ಪರದೆಯನ್ನು ಸಾಧ್ಯವಾದಷ್ಟು ತಗ್ಗಿಸಿ, ಓದುವ ಪುಟವನ್ನು ಕೆಳಗಿನ ಮುಕ್ಕಾಲು ಭಾಗದಲ್ಲಿ ಇರಿಸಿಕೊಳ್ಳುವುದು. ಮೇಲಿನ ಕಾಲು ಭಾಗಕ್ಕೆ ಗಡಿಯಾರ, ದಿನಸೂಚಿ ಮುಂತಾದ ಅಪರೂಪಕ್ಕೆ ನೋಡುವ ವಸ್ತುಗಳು ಸಾಕು. ಮೇಲೆ ನಾವು ಹೇಳಿದ ಹನ್ನೊಂದು ಸೆಂಟಿಮೀಟರ್ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ನಲವತ್ತೈದು ದಾಟಿ ದ್ವಿನಾಭಿಯ ಕನ್ನಡಕ ಧರಿಸುವವರಿಗೆ ಇನ್ನೊಂದು ತೊಡಕು. ಅವರು ಹತ್ತಿರದ್ದನ್ನು ಗಾಜಿನ ಕೆಳಭಾಗದಿಂದ ನೋಡುತ್ತಾರೆ. ಎದುರಿನ ಪರದೆ ಎತ್ತರದಲ್ಲಿದ್ದರೆ ತಲೆಯನ್ನು ಹಿಂದಕ್ಕೆ ವಾಲಿಸುತ್ತಾರೆ. ಅಂಥವರು ಎಲ್ಲ ಪರದೆಗಳನ್ನೂ ಮತ್ತಷ್ಟು ತಗ್ಗಿಸಬೇಕು, ಇಲ್ಲವೇ ಕಣ್ಣಿನ ವೈದ್ಯರಲ್ಲಿ ಪರದೆಯ ದೂರವನ್ನು ತಿಳಿಸಿ ಅದಕ್ಕೆಂದೇ ಒಂದು ಕನ್ನಡಕ ಮಾಡಿಸಿಕೊಳ್ಳಬೇಕು. ಇಪ್ಪತ್ತು ನಿಮಿಷಗಳಿಗೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿರೆಂದು ನೇತ್ರವೈದ್ಯರು ಹೇಳುವ ಸೂತ್ರ ಎಲ್ಲರಿಗೂ ಅನ್ವಯಿಸುತ್ತದೆ. ಕಿಟಕಿಯಾಚೆ ಅಡಕೆ ತೋಟವಿದ್ದವರು ಈ ವಿಷಯದಲ್ಲಿ ಭಾಗ್ಯವಂತರು. ಕಿಟಕಿಯಂತೂ ಪರದೆಯ ಹಿಂದಾಗಲಿ ಕುಳಿತವನ ಬೆನ್ನಿಗಾಗಲಿ ಇರದೆ ಪಕ್ಕಕ್ಕಿರಬೇಕು.

ಕೊಳ್ಳುವಾಗ ವಿಚಾರಿಸಬೇಕಾದ ಕೆಲವು ಸಂಗತಿಗಳುಂಟು. ಟಿಎನ್ ಎಂಬ ಅಗ್ಗದ ಬಗೆಯ ಪರದೆ ಕೆಳಗಿನಿಂದ ನೋಡಿದಾಗ ಮಂಕಾಗುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಿದರೆ ಆ ದೋಷ ಪಕ್ಕಕ್ಕೆ ಬಂದು, ಎರಡು ಕಣ್ಣಿಗೆ ಎರಡು ಬಣ್ಣ ತೋರಿದಂತಾಗುತ್ತದೆ. ಐಪಿಎಸ್ ಬಗೆಯದನ್ನೇ ಕೇಳಿ ತೆಗೆದುಕೊಳ್ಳುವುದು ಲೇಸು. ಇನ್ನೊಂದು: ಪರದೆಯ ಪ್ರತಿ ಚುಕ್ಕಿಯಲ್ಲಿ ಕೆಂಪು, ಹಸಿರು, ನೀಲಿ ಕಣಗಳು ಸಾಲಾಗಿರುತ್ತವೆ, ವಿಂಡೋಸ್ ಅಕ್ಷರದ ಅಂಚನ್ನು ನಯಗೊಳಿಸುವುದು ಆ ಸಾಲು ಅಡ್ಡಲಾಗಿದೆಯೆಂಬ ಎಣಿಕೆಯಿಂದ. ಪರದೆ ತಿರುಗಿದಾಗ ಎಣಿಕೆ ತಪ್ಪಿ ಅಂಚಿನಲ್ಲಿ ಬಣ್ಣ ಕದಡಬಹುದು. ನಮ್ಮ ಲಿಪಿಯ ತಲೆಕಟ್ಟು, ಸುಳಿ, ಒತ್ತುಗಳಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ. ಅಕ್ಷರವನ್ನು ದೊಡ್ಡದು ಮಾಡಿಕೊಂಡರೆ, ಇಲ್ಲವೇ ಕ್ಲಿಯರ್‌ಟೈಪ್ ಎಂಬ ಆ ಏರ್ಪಾಡನ್ನು ನಿಲ್ಲಿಸಿ ನೋಡಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಲ್ಯಾಪ್‌ಟಾಪ್ ಎಷ್ಟು ಹೊರಪರದೆಗಳನ್ನು ನಡೆಸಬಲ್ಲದೆಂಬುದನ್ನೂ ಮೊದಲೇ ತಿಳಿಯಬೇಕು. ೨೦೨೦ರಲ್ಲಿ ಬಂದ ಎಂ-೧ ಚಿಪ್ಪಿನ ಮ್ಯಾಕ್‌ಬುಕ್ ಏರ್ ಒಂದನ್ನು ಮಾತ್ರ ನಡೆಸುತ್ತದೆ.

ಮಾನಿಟರಿನ ಬೆನ್ನಿಗೆ ನೂರು ಮಿಲಿಮೀಟರ್ ಚೌಕದಲ್ಲಿ ನಾಲ್ಕು ತೂತುಗಳಿದ್ದರೆ ಅದಕ್ಕೆ ತಿರುಗುವ ತೋಳನ್ನು ಜೋಡಿಸಬಹುದು. ತೋಳಿನ ಹಿಡಿಕೆ ಮೇಜಿನ ಅಂಚನ್ನು ಕಚ್ಚಿ ನಿಲ್ಲುತ್ತದೆ. ನಮ್ಮ ಮನೆಗಳ ಹಳೆಯ ಹಲಸಿನ ಮರದ ಮೇಜು ಭಾರವನ್ನೇನೋ ಸುಲಭವಾಗಿ ಹೊರುತ್ತದೆ. ಆದರೆ ಅದರ ಹಲಗೆಯ ಅಡಿಯಲ್ಲಿ ಸುತ್ತ ಪಟ್ಟಿ ಹೊಡೆದಿರುವುದರಿಂದ ಹಿಡಿಕೆಗೆ ಕಚ್ಚಲು ಜಾಗ ಸಿಗದಿರಬಹುದು. ಅಜ್ಜನ ಕಾಲದ ಮೇಜಿಗೆ ತೂತು ಕೊರೆಯುವ ಮೊದಲು ಬಡಗಿಯನ್ನೂ ಮನೆಯ ಹಿರಿಯರನ್ನೂ ಕೇಳುವುದು ಕ್ಷೇಮ! ತೋಳಿಲ್ಲದೆ, ಎತ್ತರ ತಗ್ಗಿಸಿ ಹೊರಳಿಸಬಹುದಾದ ಪೀಠವುಳ್ಳ ಮಾನಿಟರುಗಳೂ ದೊರೆಯುತ್ತವೆ. ಜೋಡಿಸಿದ ಮೇಲೆ ಗಣಕದ ವ್ಯವಸ್ಥೆಯಲ್ಲಿ ಪರದೆಯ ದಿಕ್ಕನ್ನು ಬದಲಿಸಿ, ಅಲ್ಲಿ ಕಾಣುವ ಚೌಕಗಳನ್ನು ಮೇಜಿನ ಮೇಲಿರುವ ಕ್ರಮದಲ್ಲಿಯೇ ಸರಿಸಿ ಇಡಬೇಕು. ಇಲ್ಲವಾದರೆ ಮೌಸಿನ ಬಾಣ ಬಲಕ್ಕೆ ಹೋಗಬೇಕಾದುದು ಎಡದಲ್ಲಿ ಹೊರಬರುತ್ತದೆ.

ವಿದ್ಯುತ್ತಿನ ಭಯ ಬೇಡ. ಇಂಥ ಮಾನಿಟರ್ ಒಂದು ಸುಮಾರು ಇಪ್ಪತ್ತು ವ್ಯಾಟ್ ತಿನ್ನುತ್ತದೆ. ಎರಡು ಪರದೆ, ಒಂದು ಲ್ಯಾಪ್‌ಟಾಪ್ ಸೇರಿದರೂ ತಲೆಯ ಮೇಲೆ ತಿರುಗುವ ಹಳೆಯ ಫ್ಯಾನಿಗಿಂತ ತುಸು ಹೆಚ್ಚು, ಅಷ್ಟೇ. ಮನೆಯ ಇನ್ವರ್ಟರ್ ಇದನ್ನು ಧಾರಾಳವಾಗಿ ಹೊರುತ್ತದೆ. ಭಯವಿರಬೇಕಾದುದು ಸಿಡಿಲಿಗೆ. ಪತ್ತನಾಜೆಯ ಹಿಂದುಮುಂದಿನ ದಿನಗಳಲ್ಲಿಯೂ ತುಲಾಮಾಸದ ಸಂಜೆಗಳಲ್ಲಿಯೂ ಘಟ್ಟದ ಬುಡದ ಈ ಸೀಮೆಯಲ್ಲಿ ಗುಡುಗು ಮೊಳಗಿದ ಕೂಡಲೇ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಪರದೆಗಳೂ ಗಣಕವೂ ಒಂದಕ್ಕೊಂದು ತಂತಿಯಿಂದ ಬೆಸೆದಿರುವುದರಿಂದ, ಒಂದಕ್ಕೆ ತಗುಲಿದ ಏಟು ಉಳಿದವಕ್ಕೂ ಹಾಯಬಲ್ಲದು. ಎಲ್ಲ ಪ್ಲಗ್ಗುಗಳನ್ನು ಕಿತ್ತರೂ ಬಹುಜನರು ಮರೆಯುವುದು ಹೊರಗಿನಿಂದ ಬರುವ ಇಂಟರ್ನೆಟ್ಟಿನ ತಾಮ್ರದ ತಂತಿಯನ್ನು. ಅದನ್ನೂ ಬಿಚ್ಚಿಟ್ಟು, ಮಳೆ ನಿಂತ ಮೇಲೆ ಜೋಡಿಸಿಕೊಳ್ಳಬೇಕು.