ಮೆಟ್ಟಿಲು ಒಳಗೋ, ಹೊರಗೋ?

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಹುಬ್ಬಳ್ಳಿಯಿಂದ ಊರಿಗೆ ಬಂದ ಮರುದಿನವೇ ಅಪ್ಪ ನನ್ನ ಮುಂದೆ ಒಂದು ಗ್ರಾಫ್ ಶೀಟ್ ಇಟ್ಟರು. ‘ಮೇಲೆ ಒಂದು ಮನೆ ಎಬ್ಬಿಸಬೇಕು, ಪ್ಲ್ಯಾನ್ ಹಾಕು. ಮನೆಯಲ್ಲೇ ಸಿವಿಲ್ ಎಂಜಿನಿಯರ್ ಇರುವಾಗ ಬೇರೆಯವರಿಗೆ ಯಾಕೆ ದುಡ್ಡು ಕೊಡಬೇಕು?’ ಎಂದರು. ನಾನಿನ್ನೂ ಎಂಜಿನಿಯರ್ ಆಗಿಲ್ಲ, ಒಂದು ಸಬ್ಜೆಕ್ಟ್ ಬ್ಯಾಕ್ ಉಳಿದಿದೆ ಎಂದು ಹೇಳುವ ಧೈರ್ಯ ಬರಲಿಲ್ಲ.

ಟೇಪ್ ಹಿಡಿದು ಅಳತೆ ತೆಗೆದೆ. ಎರಡು ರೂಮು, ಅಡುಗೆಮನೆ, ಬಚ್ಚಲು, ಮುಂದೆ ಸಣ್ಣ ಬಾಲ್ಕನಿ. ಒಂದು ಗಂಟೆಯಲ್ಲಿ ಎಲ್ಲ ಕೂತಿತು. ಮೆಟ್ಟಿಲು ಮಾತ್ರ ಕೂರಲಿಲ್ಲ. ಮನೆಯವರಿಗಾದರೆ ಹಾಲ್‌ನ ಒಳಗಿನಿಂದಲೇ ಹತ್ತಬೇಕು. ಬಾಡಿಗೆಯವರಿಗಾದರೆ ಹೊರಗಿನಿಂದ. ‘ಅಪ್ಪಾ, ಮೆಟ್ಟಿಲು ಎಲ್ಲಿ?’ ಎಂದು ಕೇಳಿದೆ. ಅಪ್ಪ ಉತ್ತರ ಕೊಡಲಿಲ್ಲ. ಸೊಪ್ಪು ಬಿಡಿಸುತ್ತಾ ಕೂತಿದ್ದ ಅಜ್ಜಿಯೇ ಹೇಳಿದಳು: ‘ಒಳಗೆ ಇಟ್ರೆ ಮಗಳು ಬತ್ತದೆ, ಹೊರಗೆ ಇಟ್ರೆ ಬಾಡಿಗೆ ಬತ್ತದೆ. ಎಂತಾ ಬೇಕು ಅಂತ ನೀನೇ ಹೇಳು ಮಗಾ.’

ರಜೆ ಪೂರ್ತಿ ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಕಾರವಾರ, ಅಂಕೋಲಾ ಕಡೆಯ ನನ್ನ ವಯಸ್ಸಿನ ಬಹಳ ಮಂದಿಯ ಮನೆಯಲ್ಲಿ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಇದೆ ಅನ್ನಿಸಿತು.

ಅರಗಾದಿಂದ ತೋಡೂರಿಗೆ

ನಮ್ಮ ಮನೆ ಇರುವುದು ತೋಡೂರಿನ ಸೀಬರ್ಡ್ ಕಾಲೊನಿಯಲ್ಲಿ. ಅಜ್ಜಿಯ ಮೂಲ ಮನೆ ಅರಗಾದಲ್ಲಿತ್ತು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಅಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದಾಗ ಅಜ್ಜಿ ಗದ್ದೆ ಕೆಲಸ ಬಿಟ್ಟು ನೋಡಲು ಹೋಗಿದ್ದಳಂತೆ. ‘ಅವತ್ತು ಚಪ್ಪಾಳೆ ತಟ್ಟಿ ಬಂದೆ’ ಎಂದು ಈಗಲೂ ನಗುತ್ತಾಳೆ. ಮುಂದೆ ಹಣದ ಅಡಚಣೆಯಿಂದ ಯೋಜನೆ ವರ್ಷಗಟ್ಟಲೆ ಕುಂಟಿತು. ತೊಂಬತ್ತರ ದಶಕದ ಕೊನೆಗೆ ಕೆಲಸ ಚುರುಕಾಯಿತು. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ 13 ಹಳ್ಳಿಗಳಿಂದ 4 ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋಗಬೇಕಾಯಿತು. ಹೆಚ್ಚಿನ ಪರಿಹಾರದ ಪ್ರಕರಣಗಳು ಕೋರ್ಟಿನಲ್ಲಿ ದಶಕಗಳ ಕಾಲ ನಡೆದವು. ಅಜ್ಜ ಕೊನೆಯವರೆಗೂ ಆ ಫೈಲನ್ನು ದೇವರ ಕೋಣೆಯಲ್ಲಿ ಇಟ್ಟಿದ್ದರು.

2005ರ ಮೇ 31ರಂದು ಕದಂಬ ನೌಕಾನೆಲೆ ದೇಶಕ್ಕೆ ಸಮರ್ಪಣೆ ಆಯಿತು. ನಾನು ಹುಟ್ಟಿದ್ದೂ ಅದೇ ವರ್ಷ. ಹಾಗಾಗಿ ನನಗೆ ಅರಗಾದ ಗದ್ದೆ, ಅಲ್ಲಿನ ಸಮುದ್ರದ ದಂಡೆ ಎರಡೂ ಗೊತ್ತಿಲ್ಲ. ಬಸ್ಸಿನಲ್ಲಿ ಹೋಗುವಾಗ ಕಾಣುವ ಉದ್ದನೆಯ ಕಾಂಪೌಂಡ್ ಮಾತ್ರ ಗೊತ್ತು. ಅದರ ಪಕ್ಕ ಹಾಯುವಾಗ ಅಜ್ಜಿ ಪ್ರತಿ ಸಲ ಕೈ ತೋರಿಸಿ, ‘ಅಲ್ಲಿ ನಮ್ಮ ಹಲಸಿನ ಮರ’ ಎನ್ನುತ್ತಾಳೆ. ನಾನೂ ಪ್ರತಿ ಸಲ ತಲೆಯಾಡಿಸುತ್ತೇನೆ.

ಬಂದದ್ದು ಏನೇನು?

ಹಾಗಂತ ಈ ಇಪ್ಪತ್ತು ವರ್ಷಗಳಲ್ಲಿ ಬರೀ ಕಳೆದುಕೊಂಡಿದ್ದೇವೆ ಎಂದರೆ ಸುಳ್ಳಾಗುತ್ತದೆ. ಅಪ್ಪ ಎಲೆಕ್ಟ್ರಿಷಿಯನ್. ಗುತ್ತಿಗೆದಾರರೊಬ್ಬರ ಕೈಕೆಳಗೆ ಗೇಟ್ ಪಾಸ್ ಹಿಡಿದು ನೆಲೆಯ ಒಳಗೇ ಕೆಲಸಕ್ಕೆ ಹೋಗುತ್ತಾರೆ. ನನ್ನ ಕಾಲೇಜು ಫೀ ಬರುವುದು ಅಲ್ಲಿಂದಲೇ. 2014ರಲ್ಲಿ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯ ಕಾರವಾರಕ್ಕೆ ಬಂದ ಸುದ್ದಿ ಟಿ.ವಿ.ಯಲ್ಲಿ ಬಂದಾಗ ನಮ್ಮ ಕಾಲೊನಿಯ ಮಕ್ಕಳೆಲ್ಲ ಅದು ನಮ್ಮದೇ ಹಡಗು ಎಂಬಂತೆ ಕುಣಿದಿದ್ದೆವು. ಈಗ ನಡೆಯುತ್ತಿರುವ ಎರಡನೇ ಹಂತದ ಕಾಮಗಾರಿ ಮುಗಿದರೆ ಇಲ್ಲಿ 32 ಹಡಗು ಮತ್ತು ಜಲಾಂತರ್ಗಾಮಿಗಳು ನಿಲ್ಲಬಹುದು, ಸುಮಾರು 10 ಸಾವಿರ ಸಿಬ್ಬಂದಿ ಕುಟುಂಬ ಸಮೇತ ನೆಲೆಸಲಿದ್ದಾರೆ ಎಂದು ರಕ್ಷಣಾ ಸಚಿವಾಲಯ ಹೇಳುತ್ತದೆ. ಕಾರವಾರದಂಥ ಸಣ್ಣ ಪಟ್ಟಣಕ್ಕೆ ಇದು ಸಣ್ಣ ಸಂಖ್ಯೆಯಲ್ಲ.

ಅತ್ತ ಕಾಳಿ ನದಿಯ ದಡದ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಅಲ್ಲಿನ ನೌಕರರಿಗಾಗಿ ಮಲ್ಲಾಪುರದಲ್ಲಿ ಒಂದು ಟೌನ್‌ಶಿಪ್ಪೇ ಎದ್ದಿದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. ಹೆದ್ದಾರಿ ಅಗಲವಾಯಿತು, ಕಾರವಾರ ಮತ್ತು ಬಿಣಗಾ ನಡುವೆ ಸುರಂಗ ಬಂತು. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಆಯಿತು, ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಆಯಿತು. ಹೆಂಚಿನ ಮನೆಗಳಿದ್ದ ಕಡೆ ಅಪಾರ್ಟ್‌ಮೆಂಟ್ ಏಳುತ್ತಿವೆ.

ಬದಲಾವಣೆ ನೋಡಬೇಕಾದರೆ ಕಾರವಾರದ ಭಾನುವಾರದ ಸಂತೆಗೆ ಬರಬೇಕು. ಅಜ್ಜಿ ಅಲ್ಲಿ ತರಕಾರಿ ಮಾರುತ್ತಾಳೆ. ಅರಗಾದಲ್ಲಿದ್ದಾಗ ತಾನೇ ಬೆಳೆದು ಮಾರುತ್ತಿದ್ದಳು. ಕಾಲೊನಿಯ ಸೈಟಿನಲ್ಲಿ ಬಸಳೆ ಚಪ್ಪರಕ್ಕೆ ಮಾತ್ರ ಜಾಗ. ಹಾಗಾಗಿ ಈಗ ಅಂಕೋಲಾ ಕಡೆಯ ಬೆಳೆಗಾರರಿಂದ ತಂದು ಮಾರುತ್ತಾಳೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕೊಂಕಣಿ ಆಡುತ್ತಿದ್ದ ಅವಳಿಗೆ ಈಗ ಹಿಂದಿಯೂ ಬರುತ್ತದೆ. ಒಮ್ಮೆ ನೌಕಾಪಡೆಯವರ ಮನೆಯ ಹೆಂಗಸೊಬ್ಬರು ‘ಪಾಲಕ್ ಹೈ?’ ಎಂದು ಕೇಳಿದರು. ಅಜ್ಜಿ ಹರಿವೆ ಸೊಪ್ಪಿನ ಕಟ್ಟು ಎತ್ತಿ, ‘ಯೇ ಅಚ್ಛಾ ಹೈ, ಪಾಲಕ್ ಕಾ ಅಕ್ಕ ಹೈ’ ಎಂದಳು. ಆ ಹೆಂಗಸು ನಗುತ್ತಾ ಎರಡು ಕಟ್ಟು ಒಯ್ದರು. ಈಗ ಅವರು ವಾರವಾರ ಅಜ್ಜಿಯನ್ನೇ ಹುಡುಕಿ ಬರುತ್ತಾರೆ.

ಹೋದವರು ಎಷ್ಟು?

ನನ್ನ ಏಳನೇ ತರಗತಿಯ ಫೋಟೊ ಇನ್ನೂ ಶೋಕೇಸಿನಲ್ಲಿದೆ. ಅದರಲ್ಲಿ 19 ಮಂದಿ ಇದ್ದೇವೆ. ಈ ಸಲ ಅಜ್ಜಿಯ ಜೊತೆ ಕೂತು ಒಬ್ಬೊಬ್ಬರನ್ನೇ ಬೆರಳಿಟ್ಟು ಎಣಿಸಿದೆ. ಊರಲ್ಲಿ ಉಳಿದವರು ನಾಲ್ಕು ಮಂದಿ. ಉಳಿದವರು ಬೆಂಗಳೂರು, ಹುಬ್ಬಳ್ಳಿ, ಮಂಗಳೂರು, ಇಬ್ಬರು ದುಬೈ. ಎಲ್ಲರಿಗಿಂತ ಹೆಚ್ಚು ಮಂದಿ ಗೋವಾದಲ್ಲಿ. ನನ್ನ ಚಿಕ್ಕಪ್ಪನ ಮಗ ವೆರ್ಣಾದ ಔಷಧ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಮೊದಲು ಬೆಳಗಿನ ಬಸ್ಸು ಹಿಡಿದು ಹೋಗಿ ರಾತ್ರಿ ಬರುತ್ತಿದ್ದ. ಆಮೇಲೆ ಅಲ್ಲೇ ರೂಮು ಮಾಡಿದ. ಈಗ ಚೌತಿಗೆ ಮಾತ್ರ ಬರುತ್ತಾನೆ.

ಇದು ನಮ್ಮ ಕಾಲೊನಿಯ ಕಥೆ ಮಾತ್ರವಲ್ಲ. ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 13,53,644 ಇತ್ತು. 2011ರಲ್ಲಿ 14,37,169 ಆಯಿತು. ಅಂದರೆ ಹತ್ತು ವರ್ಷದಲ್ಲಿ ಹೆಚ್ಚಳ ಶೇ 6ರ ಆಸುಪಾಸು. ಅದೇ ಅವಧಿಯಲ್ಲಿ ಇಡೀ ಕರ್ನಾಟಕದ ಹೆಚ್ಚಳ ಶೇ 15ಕ್ಕಿಂತ ಜಾಸ್ತಿ. ಅದರ ಹಿಂದಿನ ದಶಕದಲ್ಲಿ ನಮ್ಮ ಜಿಲ್ಲೆಯೇ ಸುಮಾರು ಶೇ 11ರಷ್ಟು ಬೆಳೆದಿತ್ತು. ಮನೆಗೆ ಒಂದೋ ಎರಡೋ ಮಕ್ಕಳಾಗಿರುವುದು ಒಂದು ಕಾರಣ. ಬೆಳೆದ ಮಕ್ಕಳು ಊರು ಬಿಡುವುದು ಇನ್ನೊಂದು. ಗಮನಿಸಿ, ನೌಕಾನೆಲೆ ಶುರುವಾದದ್ದು, ಕೈಗಾದ ನಾಲ್ಕೂ ಘಟಕಗಳು ವಿದ್ಯುತ್ ಕೊಡತೊಡಗಿದ್ದು ಸರಿಸುಮಾರು ಇದೇ ಹತ್ತು ವರ್ಷಗಳಲ್ಲಿ. ಹೊರಗಿನವರು ಬಂದರೂ ಏರಿಕೆ ಇಷ್ಟೇ!

ನಾವು ಬಿಟ್ಟ ಜಾಗ ಖಾಲಿಯೂ ಉಳಿದಿಲ್ಲ. ಬೈತಖೋಲ ಬಂದರಿಗೆ ಹೋದರೆ ಬೋಟಿನ ಮೇಲೆ ಬಲೆ ಎಳೆಯುವವರಲ್ಲಿ ಒಡಿಶಾ, ಜಾರ್ಖಂಡ್ ಕಡೆಯ ಹುಡುಗರು ಸಿಗುತ್ತಾರೆ. ಅವರಲ್ಲಿ ಒಬ್ಬನನ್ನು ಮಾತಾಡಿಸಿದೆ. ಅವನಿಗೂ ಇಪ್ಪತ್ತೇ ವರ್ಷ. ‘ನಮ್ಮೂರಲ್ಲಿ ಕೆಲಸ ಇಲ್ಲ ದೀದಿ, ಇಲ್ಲಿ ಇದೆ’ ಎಂದ. ನಮ್ಮ ಹುಡುಗರು ಇದೇ ಮಾತನ್ನು ಗೋವಾದಲ್ಲಿ ಹೇಳುತ್ತಿರುತ್ತಾರೆ. ‘ಹೊರಗಿನವರು ಬಂದು ಊರು ಹಾಳಾಯಿತು’ ಎಂದು ಯಾರಾದರೂ ಹೇಳಿದರೆ ಈಗ ನನಗೆ ಒಪ್ಪಲು ಆಗುವುದಿಲ್ಲ. ಇನ್ನೊಂದು ಊರಿನಲ್ಲಿ ನಾವೇ ಹೊರಗಿನವರು.

ಅದಿರು ಕಲಿಸಿದ ಪಾಠ

ಅಮ್ಮನ ತವರು ಅಂಕೋಲಾ. ಅಲ್ಲಿ ಹಣ ಬೇರೆ ರೀತಿಯಲ್ಲಿ ಬಂತು, ಬೇರೆ ರೀತಿಯಲ್ಲಿ ಹೋಯಿತು. ನಾನು ಅಂಗನವಾಡಿಗೆ ಹೋಗುತ್ತಿದ್ದ ಕಾಲದಲ್ಲಿ ಬಳ್ಳಾರಿ ಕಡೆಯಿಂದ ಅದಿರು ತುಂಬಿದ ಲಾರಿಗಳು ಸಾಲುಗಟ್ಟಿ ಅರಬೈಲ್ ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಬರುತ್ತಿದ್ದವು. ಹೆದ್ದಾರಿ ಬದಿಯ ಮರಗಳ ಎಲೆಗಳೂ ಕೆಂಪಾಗಿದ್ದವಂತೆ. ಢಾಬಾ, ಗ್ಯಾರೇಜ್, ಟೈರ್ ಅಂಗಡಿಗಳು ಎದ್ದವು. ಸೋದರಮಾವ ತೆಂಗಿನ ತೋಟದ ಮೇಲೆ ಸಾಲ ಮಾಡಿ ಟಿಪ್ಪರ್ ತೆಗೆದುಕೊಂಡರು. ಎರಡು ವರ್ಷ ಕೈತುಂಬ ದುಡ್ಡು. 2010ರಲ್ಲಿ ಬೇಲೆಕೇರಿಯ ಅಕ್ರಮ ಅದಿರು ಸಾಗಣೆ ದೇಶಕ್ಕೇ ಸುದ್ದಿಯಾಯಿತು. ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಲಾರಿಗಳು ಬರುವುದು ನಿಂತಿತು, ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. ಮಾವನ ಟಿಪ್ಪರ್ ಹೋಯಿತು, ತೋಟದಲ್ಲಿ ಅರ್ಧ ಹೋಯಿತು. ಉಳಿದ ಅರ್ಧದಲ್ಲಿರುವ ಕರಿ ಇಶಾಡ್ ಮಾವಿನ ಮರಗಳೇ ಈಗ ಬೇಸಿಗೆಯಲ್ಲಿ ಅವರ ಕೈ ಹಿಡಿಯುತ್ತಿವೆ. ಆ ಮಾವಿಗೆ ಈಗ ಜಿಐ ಟ್ಯಾಗ್ ಕೂಡ ಸಿಕ್ಕಿದೆ.

ಈಗ ಅಂಕೋಲಾದಲ್ಲಿ ಮತ್ತೆ ಎರಡು ಹೆಸರುಗಳು ಎಲ್ಲರ ಬಾಯಲ್ಲಿವೆ: ಅಲಗೇರಿಯ ವಿಮಾನ ನಿಲ್ದಾಣ, ಕೇಣಿಯ ವಾಣಿಜ್ಯ ಬಂದರು. ಕೇಣಿಯ ಮೀನುಗಾರರು ಬಂದರು ಬೇಡವೆಂದು ಬೀದಿಗಿಳಿದರು. ‘ಬಂದರೆ ಕೆಲಸ ಸಿಗುತ್ತದಲ್ಲ’ ಎನ್ನುವವರೂ ಇದ್ದಾರೆ. ಮಾವನನ್ನು ಕೇಳಿದರೆ, ‘ಟಿಪ್ಪರ್ ತಕಂಬವರು ಈಗಲೂ ಇದ್ದಾರೆ ಮಗಾ, ನಾ ಅಲ್ಲ’ ಎನ್ನುತ್ತಾರೆ.

ಬಾಡಿಗೆ ಬೇರೆ, ಕೆಲಸ ಬೇರೆ

ಎಲ್ಲರ ಮಾತು ಕೇಳಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ನಮ್ಮಲ್ಲಿ ಹಣ ಬಂದಿದೆ. ಆದರೆ ಅದು ಬಹುಪಾಲು ಪರಿಹಾರವಾಗಿ ಬಂತು, ಇಲ್ಲವೇ ಬಾಡಿಗೆಯಾಗಿ ಬಂತು. ಜಾಗ ಕೊಟ್ಟದ್ದಕ್ಕೆ ಒಮ್ಮೆ, ರೂಮು ಕೊಟ್ಟದ್ದಕ್ಕೆ ತಿಂಗಳಿಗೊಮ್ಮೆ. ಬಾಡಿಗೆಯಿಂದ ಮನೆ ನಡೆಯುತ್ತದೆ, ಮಕ್ಕಳು ಓದುತ್ತಾರೆ. ಆದರೆ ಓದಿದ ಮಕ್ಕಳನ್ನು ಊರಿಗೆ ಕರೆತರಲು ಬಾಡಿಗೆಗೆ ಆಗುವುದಿಲ್ಲ. ಅದಕ್ಕೆ ಕೆಲಸವೇ ಬೇಕು.

ಮತ್ತೆ ಬದುಕಲು ಬೇಕಾದ ಇತರ ವ್ಯವಸ್ಥೆಯೂ ಬೇಕು. ಕಳೆದ ವರ್ಷ ಅಜ್ಜಿಗೆ ಎದೆನೋವು ಬಂದಾಗ ಆಂಬುಲೆನ್ಸ್‌ನಲ್ಲಿ ಗೋವಾಕ್ಕೆ ಓಡಬೇಕಾಯಿತು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಕೇಳುತ್ತಲೇ ಇದ್ದಾರೆ. ಊರಿಗೆ ಮರಳಬೇಕು ಎಂದುಕೊಳ್ಳುವಾಗ ಇಂಥದ್ದೂ ತಲೆಯಲ್ಲಿ ಓಡುತ್ತದೆ.

ಕೆಲಸ ಇಲ್ಲವೇ ಇಲ್ಲ ಎಂದಲ್ಲ. ಒಂದು ಹಡಗು ದುರಸ್ತಿಗೆ ನಿಂತರೆ ವೆಲ್ಡರ್, ಫಿಟ್ಟರ್, ಪೇಂಟರ್, ಎಲೆಕ್ಟ್ರಿಷಿಯನ್, ಎಸಿ ಮೆಕ್ಯಾನಿಕ್ ಎಲ್ಲರೂ ಬೇಕು. ಕಾರವಾರದ ನೌಕಾ ಹಡಗು ದುರಸ್ತಿ ಕೇಂದ್ರವು ಐಟಿಐ ಮುಗಿಸಿದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಆದರೆ ನಮ್ಮ ಕಾಲೊನಿಯಲ್ಲಿ ಎಷ್ಟು ಹುಡುಗರಿಗೆ ಅದು ಗೊತ್ತು? ಫೋಟೊದಲ್ಲಿದ್ದ ನಾಲ್ವರನ್ನು ಕೇಳಿದೆ. ಒಬ್ಬನಿಗೆ ಗೊತ್ತಿತ್ತು, ಅರ್ಜಿ ಹಾಕುವ ಕೊನೆಯ ದಿನ ಮುಗಿದ ಮೇಲೆ ಗೊತ್ತಾಗಿತ್ತು. ಹಡಗುಗಳು ಹೆಚ್ಚಾದಂತೆ ಹೊರಗೂ ವರ್ಕ್‌ಶಾಪ್‌ಗಳು ಬೇಕಾಗುತ್ತವೆ. ಅವುಗಳನ್ನು ನಡೆಸುವವರು ಇಲ್ಲಿಯವರೇ ಯಾಕಾಗಬಾರದು? ಶಾಲೆ ಮುಗಿಯುವ ಮೊದಲೇ ಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು. ರಜೆಯಲ್ಲಿ ಬರುವ ನಮ್ಮಂಥವರೇ ಹೇಳಬಹುದು. ಈ ಸಲ ನಾನು ಕಾಲೊನಿಯ ಎಂಟು ಮಕ್ಕಳನ್ನು ನಮ್ಮ ಜಗುಲಿಯಲ್ಲಿ ಕೂರಿಸಿ ಐಟಿಐ, ಡಿಪ್ಲೊಮಾ, ಅಪ್ರೆಂಟಿಸ್ ಎಂದರೆ ಏನು ಎಂದು ಹೇಳಿದೆ. ಮೂವರು ಪೂರ್ತಿ ಕೇಳಿದರು, ಐವರು ಅಮ್ಮ ಮಾಡಿದ ಚಕ್ಕುಲಿಗಾಗಿ ಕೂತಿದ್ದರು. ಪರವಾಗಿಲ್ಲ.

2027ರಲ್ಲಿ ಮತ್ತೆ ಜನಗಣತಿ. ಕಾರವಾರದ ಸಂಖ್ಯೆ ಈ ಸಲ ಏರಿರಲೂಬಹುದು. ನೌಕಾನೆಲೆಯ ಕುಟುಂಬಗಳನ್ನು, ಬೈತಖೋಲದ ಆ ಹುಡುಗನನ್ನು ಇಲ್ಲೇ ಎಣಿಸಬಹುದು. ಆಗ ನಾನು ಕೆಲಸ ಹುಡುಕುತ್ತಾ ಬೆಂಗಳೂರಿನ ಯಾವುದೋ ಪಿ.ಜಿ.ಯಲ್ಲಿದ್ದರೆ ನನ್ನ ಎಣಿಕೆ ಅಲ್ಲಿ. ಸಂಖ್ಯೆ ನೋಡಿದವರಿಗೆ ಊರು ಬೆಳೆದಂತೆ ಕಾಣುತ್ತದೆ. ಅದು ಸುಳ್ಳೂ ಅಲ್ಲ. ಆದರೆ ಅಜ್ಜಿ ಎಣಿಸುವ ಲೆಕ್ಕದಲ್ಲಿ ಒಂದು ಕಡಿಮೆ.

ರಜೆ ಮುಗಿಯುವ ಹಿಂದಿನ ದಿನ ಪ್ಲ್ಯಾನ್ ಮುಗಿಸಿದೆ. ಮೆಟ್ಟಿಲನ್ನು ಹೊರಗೇ ಇಟ್ಟೆ. ಬ್ಯಾಂಕ್ ಸಾಲ ತೀರಬೇಕಾದರೆ ಬಾಡಿಗೆ ಬೇಕು, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಆ ಮೆಟ್ಟಿಲನ್ನು ಹಾಲ್‌ನ ಚಿರೆಕಲ್ಲಿನ ಗೋಡೆಗೆ ತಾಗಿಸಿ, ಅಲ್ಲಿರುವ ಕಿಟಕಿಯ ಎದುರಿನಿಂದಲೇ ಶುರುವಾಗುವಂತೆ ಮಾಡಿದೆ. ಕಿಟಕಿಯ ಮೇಲೆ ಈಗಾಗಲೇ ಲಿಂಟೆಲ್ ಇದೆ. ಮುಂದೆ ಬೇಕೆನಿಸಿದಾಗ ಕಿಟಕಿ ತೆಗೆದು, ಕೆಳಗಿನ ಮೂರು ಅಡಿ ಕಲ್ಲು ಒಡೆದರೆ ಬಾಗಿಲಾಗುತ್ತದೆ. ಹೆಚ್ಚು ಖರ್ಚಿಲ್ಲ.

ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ‘ಪಾಸಾಗುತ್ತೀಯಾ’ ಎಂದರು. ಬ್ಯಾಕ್ ಸಬ್ಜೆಕ್ಟಿನ ವಿಷಯ ಆಗ ಹೇಳಿಬಿಟ್ಟೆ. ಬೈಗುಳ ಮುಗಿದ ಮೇಲೆ ಅಜ್ಜಿಗೆ ಪ್ಲ್ಯಾನ್ ವಿವರಿಸಿದೆ. ಅವಳು ಎದ್ದು ಹೋಗಿ ಆ ಕಿಟಕಿಯ ಸರಳು ಹಿಡಿದು ನೋಡಿದಳು.

‘ಕಿಟಕಿ ಅದೆ, ಅದು ಎಲ್ಲಿಗೂ ಹೋಗುದಿಲ್ಲ’ ಎಂದಳು. ‘ಒಡೆಯೂಕೆ ನೀನು ಬಾ.’